ತಾರೀಖು ಮಾತ್ರ ಬರೆದ ಹಾಳೆಗಳು

ನೀತಾಳ ಹೊಟ್ಟೆನೋವಿಗೆ ಶಾಲೆಯ ವೇಳಾಪಟ್ಟಿ ಬಾಯಿಪಾಠವಾಗಿತ್ತು. ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ತಪ್ಪದೆ ಬರುತ್ತಿತ್ತು. ಬುಧವಾರ ಮತ್ತು ಶನಿವಾರ ಹತ್ತಿರವೂ ಸುಳಿಯುತ್ತಿರಲಿಲ್ಲ. ತಾಯಿ ಶಿವಗಂಗವ್ವ ಅಜಿವಾನದ ನೀರು ಕುಡಿಸಿದಳು, ಹೊಟ್ಟೆಗೆ ಹರಳೆಣ್ಣೆ ಸವರಿದಳು, ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ನೋವು ಯಾವುದಕ್ಕೂ ಜಗ್ಗಲಿಲ್ಲ.

ಮರಾಠಿ ಸೀಮೆಯ ದೊಡ್ಡ ಶಹರದಲ್ಲಿ, ಬಿಬವೇವಾಡಿಯ ಒಂದು ಓಣಿಯಲ್ಲಿ ಅವರದು ಎರಡು ಖೋಲಿಯ ಮನೆ. ಶಿವಗಂಗವ್ವ ಇಂಡಿ ತಾಲೂಕಿನವಳು. ಜೋಳದ ರೊಟ್ಟಿ ಬಡಿದು ಸುತ್ತಲಿನ ಹೋಟೆಲುಗಳಿಗೆ ಕೊಡುತ್ತಾಳೆ. ಗಂಡ ಸಿದ್ರಾಮಪ್ಪ ಚಾಕಣದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯ ಕೆಲಸಗಾರ. ಒಬ್ಬಳೇ ಮಗಳು ನೀತಾ. ಹನ್ನೆರಡು ವರ್ಷ, ಮರಾಠಿ ಶಾಲೆಯಲ್ಲಿ ಏಳನೆಯ ತರಗತಿ.

ಆ ಮಂಗಳವಾರ ಶೇಂಗಾ ಚಟ್ನಿ ಕಟ್ಟಲು ಕಾಗದ ಸಾಲಲಿಲ್ಲ. ಮಗಳ ಚೀಲದಲ್ಲಿ ಕೈಯಾಡಿಸಿದಾಗ ಶಿವಗಂಗವ್ವನಿಗೆ ಸಿಕ್ಕದ್ದು ಗಣಿತದ ನೋಟ್‌ಬುಕ್ಕು. ಹಿಂದಿನ ಹಾಳೆಗಳೆಲ್ಲ ಬಿಳಿ.

"ನೀತಾ, ಇವು ಖಾಲಿ ಅವಲ್ಲ, ಎರಡ ಹಾಳಿ ಹರಕೊಳ್ಳಲೇನ?"

ಹಾಸಿಗೆಯಲ್ಲಿ ಹೊಟ್ಟೆ ಹಿಡಿದು ಮಲಗಿದ್ದ ಹುಡುಗಿ ಚಂಗನೆ ಎದ್ದು ಕೂತಳು. "ಬ್ಯಾಡವ್ವಾ! ಅವು ಖಾಲಿ ಅಲ್ಲ!"

ಶಿವಗಂಗವ್ವ ಇನ್ನೊಮ್ಮೆ ನೋಡಿದಳು. ಪ್ರತಿ ಹಾಳೆಯ ಮೂಲೆಯಲ್ಲಿ ದುಂಡಗಿನ ಅಕ್ಷರದಲ್ಲಿ ಒಂದೊಂದು ತಾರೀಖು. ಮರಾಠಿ ಅಂಕಿ ಆಕೆಗೆ ಬಸ್ಸಿನ ನಂಬರು ಓದಿ ಓದಿ ಬಂದಿತ್ತು. ತಾರೀಖಿನ ಕೆಳಗೆ ಒಂದು ಗೆರೆಯೂ ಇಲ್ಲ. ಬೆರಳಿಟ್ಟು ಎಣಿಸಿದಳು. ಹನ್ನೊಂದು ಹಾಳೆ.

"ಇದೇನ ತಂಗಿ? ತಾರೀಖ ಅದ, ಲೆಕ್ಕ ಎಲ್ಲದ?"

ಹುಡುಗಿ ಗೋಡೆ ನೋಡಿದಳು. "ವಾರಕ್ಕ ನಾಕ ದಿನಾ ಗಣಿತದ ತಾಸ. ತಾರೀಖ ಬರಿಯೋತನಕಾ ಒಳಗ ಇರ್ತೀನಿ. ಆಮ್ಯಾಲೆ ಸರ್ ಹೊರಗ ನಿಲ್ಲಸ್ತಾರ."

"ಯಾಕ? ಏನ ಮಾಡಿದಿ?"

"ಲೆಕ್ಕಾ ಮಾಡುವಾಗ ಬಾಯಾಗ ಮೂರು, ನಾಕು ಅಂತೀನಿ. ಕನ್ನಡದಾಗ. ಬ್ಯಾರೆ ಎಣಸಾಕ ಬರಂಗಿಲ್ಲವ್ವಾ ನನಗ. ಸರ್ ಕೇಳಿಸ್ಕೊಂಡು 'ಏ ಯಂಡುಗುಂಡು, ಬಾಹೇರ್' ಅಂತಾರ. ಎಲ್ಲಾರೂ ನಗ್ತಾರ."

ಯಂಡುಗುಂಡು. ದಕ್ಷಿಣದವರ ಮಾತು ಕಿವಿಗೆ ಬಿದ್ದರೆ ಅಣಕಿಸಲು ಕೆಲವರು ಎಸೆಯುವ ಪದ. ಶಿವಗಂಗವ್ವ ಇದನ್ನು ಭಾಜಿ ಮಂಡಿಯಲ್ಲಿ ಕೇಳಿದ್ದಳು, ಬಸ್ಸಿನಲ್ಲಿ ಕೇಳಿದ್ದಳು, ಸೆರಗು ಕೊಡವಿ ಮುಂದೆ ಹೋಗಿದ್ದಳು. ಆದರೆ ಶಾಲೆಯ ಕೋಣೆಯಿಂದ ಮುಂದೆ ಹೋಗುವುದು ಎಲ್ಲಿಗೆ? ನೀತಾ ಎಣಿಸಲು ಕಲಿತದ್ದು ಇದೇ ಮನೆಯಲ್ಲಿ, ಅವ್ವ ಬುಟ್ಟಿಗೆ ಹಾಕಿದ ರೊಟ್ಟಿ ಎಣಿಸುತ್ತ. ಒಂದು, ಎರಡು, ಮೂರು, ನಾಕು. ಆ ಎಣಿಕೆಯೇ ಈಗ ಅಪರಾಧವಾಗಿತ್ತು.

"ಹೊಡದಾರೇನ?"

"ಇಲ್ಲ. ಗ್ವಾಡಿಗೆ ಮಾರಿ ಮಾಡಿ ನಿಲ್ಲಬೇಕು. ಗಂಟಿ ಆಗೋತನಕಾ." ಹುಡುಗಿ ಮತ್ತೆ ಹೊದ್ದುಕೊಂಡಳು. "ನಾ ಸಾಲಿಗೆ ಹೋಗಂಗಿಲ್ಲವ್ವಾ. ನಿನ್ ಕೂಡ ರೊಟ್ಟಿ ಬಡೀತೀನಿ."

ಶಿವಗಂಗವ್ವ ನೋಟ್‌ಬುಕ್ಕು ಮುಚ್ಚಿ ಮಗಳ ಪಕ್ಕ ಕೂತಳು. ಈ ಮಾತನ್ನು ಆಕೆ ಮೊದಲೂ ಕೇಳಿದ್ದಳು, ತನ್ನದೇ ಬಾಯಿಂದ. ಐದನೆಯ ಇಯತ್ತೆಯಲ್ಲಿ ಅವರ ಊರಿನ ಮಾಸ್ತರ ದಿನಾಲೂ ಆಕೆಯನ್ನು ತನ್ನ ಮನೆಗೆ ನೀರು ತುಂಬಲು ಕಳಿಸುತ್ತಿದ್ದ. "ನಾ ಸಾಲಿಗೆ ಹೋಗಂಗಿಲ್ಲ" ಎಂದಾಗ ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೈಗೆ ರೊಟ್ಟಿಯ ಹಿಟ್ಟು ಬಂತು. ಅದು ಇವತ್ತಿಗೂ ಕೈಬಿಟ್ಟಿಲ್ಲ.

ಸಂಜೆ ಸಿದ್ರಾಮಪ್ಪ ಬಂದ. ಎಲ್ಲವನ್ನೂ ಕೇಳಿ ಟೋಪಿ ಗೂಟಕ್ಕೆ ಹಾಕಿದ. "ಸಾಲಿ ಬಿಡಸೂಣು. ಸಾಲಿ ಬಿಟ್ಟ ದಾಖಲಾ ಕಿತಗೊಂಡ ಬರ್ತೀನಿ."

"ದೂರ ಕೊಡೂಣಲ್ಲ ಮೊದಲ?"

"ದೂರ?" ಅವನು ನಕ್ಕ. "ನಮ್ಮ ಕಾರಖಾನ್ಯಾಗೂ ದೂರಿನ ಪೆಟಗಿ ಅದ. ಚಂದನೆ ಕೆಂಪ ಬಣ್ಣ. ಸೂಪರ್‌ವೈಜರ್ ಬೈತಾನಂತ ಚೀಟಿ ಬರದ ಹಾಕಿದ್ವಿ. ಮರುದಿನಾ ಅವನ ಕೈಯಾಗೇ ಇತ್ತು ಆ ಚೀಟಿ. ಪೆಟಗಿ ಕೀಲಿ ಅವನ ಕಿಸೇದಾಗ! ಯಾರ ಮ್ಯಾಲೆ ದೂರೋ ಅವರ ಕಡೇನ ಕೀಲಿ. ಸಾಲ್ಯಾಗೇನ ಬ್ಯಾರೆ ಇರ್ತದ?"

ಶಿವಗಂಗವ್ವ ಪಟ್ಟು ಬಿಡಲಿಲ್ಲ. ಆ ರಾತ್ರಿ ಆಕೆ ಮೂರು ಸಲ ಒಂದೇ ಮಾತು ಹೇಳಿದಳು: ದಾಖಲಾ ಬ್ಯಾಡ. ಹೆಂಡತಿ ಒಂದೇ ಮಾತು ಮೂರು ಸಲ ಹೇಳಿದರೆ ಸಿದ್ರಾಮಪ್ಪ ಅರ್ಧ ಸೋಲುತ್ತಾನೆ. ಚಾಕಣದ ಕಡೆ ಕಾರ್ಖಾನೆಗಳಿಗೆ ಗುರುವಾರ ಸೂಟಿ. ಆ ಗುರುವಾರ ಅವನು ಶಿವಾಜಿನಗರಕ್ಕೆ ಹೋಗಿ, ಕೋರ್ಟಿನ ಹೊರಗೆ ಮಶೀನಿಟ್ಟು ಕೂಡುವ ಟೈಪಿಸ್ಟನ ಹತ್ತಿರ ಒಂದು ಅರ್ಜಿ ಮಾಡಿಸಿಕೊಂಡು ಬಂದ. ಮರಾಠಿಯಲ್ಲಿ, ಎರಡು ಪುಟ.

"ಓದ ನೀತಾ. ಜೋರಾಗಿ ಓದ."

ನೀತಾ ಓದಿದಳು. ಶಿಕ್ಷಕರು ಲಾಠಿಯಿಂದ ಹೊಡೆದರು ಎಂದಿತ್ತು. ರಕ್ತ ಬಂತು ಎಂದಿತ್ತು. ಜೀವ ತೆಗೆಯುವ ಧಮಕಿ ಹಾಕಿದರು ಎಂದಿತ್ತು. ಎರಡನೆಯ ಪುಟಕ್ಕೆ ಬರುವ ಮೊದಲೇ ಅವಳು ಕಾಗದ ಕೆಳಗಿಟ್ಟಳು.

"ಅಪ್ಪಾ, ಈ ಕಾಗದದಾಗಿರೋ ಹುಡುಗಿ ನಾ ಅಲ್ಲ."

"ಇರಲಿ ಬಿಡು. ಖಾರ ಇಲ್ಲದ ಚಟ್ನಿ ಯಾರ ನಾಲಿಗೀಗೂ ಹತ್ತಂಗಿಲ್ಲ. ಟೈಪಿಸ್ಟ ಹೇಳಿದಾ, ಎಲ್ಲಾರೂ ಹಿಂಗ ಬರಸ್ತಾರಂತ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಪಂಕಜಾಕ್ಷಿ. ಪಕ್ಕದ ಮನೆಯವಳು, ಕುಂದಾಪುರದ ಕಡೆಯವಳು. ಅವಳ ಗಂಡನ ಸಣ್ಣ ಹೋಟೆಲಿಗೆ ಶಿವಗಂಗವ್ವನ ರೊಟ್ಟಿಯೇ ಹೋಗುವುದು. ಅವಳ ಮಗನೂ ಅದೇ ಶಾಲೆ. ಮೇಲಾಗಿ ಅವಳು ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಪಾಲಕರ ಪರವಾಗಿ ಆರಿಸಿ ಬಂದ ಸದಸ್ಯೆ.

"ಕದ್ದು ಕೇಳ್ಲಿಲ್ಲ ಮಾರಾಯ್ರೇ, ಕಿವಿಗೆ ಬಿತ್ತು. ರಕ್ತ ಬಂತಾ ಮಗೂ?"

"ಇಲ್ರಿ ಆಂಟಿ."

"ಕೋಲು?"

"ಅದೂ ಇಲ್ರಿ." ನೀತಾ ಹನ್ನೊಂದು ಬಿಳಿ ಹಾಳೆ ತೋರಿಸಿ, ಗೋಡೆಗೆ ನಿಂತದ್ದನ್ನು ಹೇಳಿದಳು.

ಪಂಕಜಾಕ್ಷಿ ರೊಟ್ಟಿಯ ಬುಟ್ಟಿ ಬದಿಗಿಟ್ಟು ಕೂತಳು. "ಸಿದ್ರಾಮಣ್ಣ, ನಾಳೆ ಸಮಿತಿ ಕೂತು ಮಗುವನ್ನು ಕೇಳ್ತದೆ. ಇದು ಇಲ್ಲ ಅಂತದೆ. ಅಲ್ಲಿಗೆ ಕತೆ ಮುಗೀತು. ಆಗದ ಒಂದು ಮಾತು ಸೇರಿಸಿದ್ರೆ ಆದ ಹತ್ತು ಮಾತು ಅದರ ಜೊತೆಗೇ ಮುಳುಗ್ತದೆ."

"ಹೊಡೀಲಿಲ್ಲ ಅಂದ್ರ ದೂರ ಏನಂತ ಕೊಡೂದ್ರಿ? 'ನನ್ನ ಮಗಳಿಗೆ ಅಡ್ಡಹೆಸರ ಇಟ್ಟಾರ' ಅಂತೇನು? ನಗ್ತಾರ."

"ನಗಲಿಕ್ಕೆ ಎಂತ ಉಂಟು ಇದರಲ್ಲಿ? ಶಿಕ್ಷಣ ಹಕ್ಕಿನ ಕಾನೂನಲ್ಲಿ ಮಗುವಿನ ಮೈಗೂ ಶಿಕ್ಷೆ ಕೊಡಬಾರದು, ಮನಸ್ಸಿಗೂ ಹಿಂಸೆ ಕೊಡಬಾರದು ಅಂತ ಉಂಟು. ಎರಡೂ ಒಂದೇ ಸಾಲಲ್ಲಿ ಉಂಟು. ಹನ್ನೊಂದು ದಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದು ಹಿಂಸೆ ಅಲ್ದೆ ಮತ್ತೆಂತ?"

"ಮತ್ತ ಪೆಟಗಿ ಕೀಲಿ?" ಸಿದ್ರಾಮಪ್ಪ ಬಿಡಲಿಲ್ಲ. "ಅದನ್ ಹೇಳ್ರಿ ಮೊದಲ. ಕೀಲಿ ಯಾರ ಕಡೆ?"

ಪಂಕಜಾಕ್ಷಿ ನಕ್ಕಳು. "ಒಳ್ಳೇ ಪ್ರಶ್ನೆ. ಮೊದಲು ಶಾಲೆಯವರ ಹತ್ತಿರ ಮಾತ್ರ ಇತ್ತು. ನಾವು ಪಾಲಕರು ಹಟ ಹಿಡಿದು ಇನ್ನೊಂದು ಬೀಗ ಹಾಕಿಸಿದ್ವಿ. ಆ ಕೀಲಿ ನಮ್ಮ ಅಧ್ಯಕ್ಷ ಜೈಭೀಮಣ್ಣನ ಹತ್ತಿರ. ಎರಡು ಕೀಲಿ ಸೇರದೆ ಪೆಟ್ಟಿಗೆ ತೆರೆಯೂದಿಲ್ಲ. ಆದ್ರೆ ನೀವು ಪೆಟ್ಟಿಗೆಗೆ ಹಾಕ್ಬೇಡಿ. ಹೆಸರು ಹಾಕಿ, ಕೈಯಲ್ಲೇ ಕೊಟ್ಟು, ಪೋಚ್ ತಗೊಳ್ಳಿ. ಜೈಭೀಮಣ್ಣ ಬಸ್ ಕಂಡಕ್ಟರ್ ಅಲ್ವಾ, ಯಾವಾಗ್ಲೂ ಹೇಳ್ತಾರೆ: ಟಿಕೆಟ್ ಇಲ್ಲದೆ ಬಸ್ ಹತ್ತಬಾರದು, ಪೋಚ್ ಇಲ್ಲದೆ ಆಫೀಸಿನ ಮೆಟ್ಟಿಲು ಇಳೀಬಾರದು."

ಪೋಚ್ ಎಂದರೆ ಅರ್ಜಿ ಮುಟ್ಟಿತು ಎಂಬ ಗುರುತು. ನಮ್ಮ ನಕಲಿನ ಮೇಲೆ ಅವರ ಶಿಕ್ಕಾದ ಮುದ್ರೆ, ಸಹಿ, ತಾರೀಖು.

ಆಮೇಲೆ ಪಂಕಜಾಕ್ಷಿ ನೀತಾಳ ಕಡೆ ತಿರುಗಿ, ತಾಯಿಯ ಎದುರಿಗೇ ಮೆಲ್ಲಗೆ ಇನ್ನೊಂದು ಮಾತು ಕೇಳಿದಳು. ಯಾರಾದರೂ ಮೈ ಮುಟ್ಟಿದ್ದು, ಕೆಟ್ಟದಾಗಿ ನಡೆದುಕೊಂಡದ್ದು ಇದೆಯೇ? ನೀತಾ ಇಲ್ಲವೆಂದು ತಲೆಯಾಡಿಸಿದಳು. "ಕೇಳ್ಲೇಬೇಕು ಶಿವಗಂಗಕ್ಕಾ. ಅಂಥದ್ದು ಇದ್ರೆ ಸಮಿತಿ, ಮಾತುಕತೆ, ರಾಜಿ ಯಾವುದೂ ಇಲ್ಲ. ಸೀದಾ ಪೊಲೀಸರು. ಇಲ್ದಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು. ಅದನ್ನು ಶಾಲೆಯೊಳಗೆ ಮುಗಿಸ್ತೇವೆ ಅಂತ ಯಾರು ಹೇಳಿದ್ರೂ ಕೇಳ್ಬಾರದು."

ಹೊಸ ಅರ್ಜಿಯನ್ನು ನೀತಾಳೇ ಬರೆದಳು. ಏನಾಯಿತು, ಯಾವ ಯಾವ ತಾರೀಖು, ಯಾರು ಏನಂದರು, ಯಾರು ನೋಡಿದರು. ಒಂದೂವರೆ ಪುಟವೂ ಆಗಲಿಲ್ಲ.

"ಕೊನೆಗೆ ನಿಮಗೆ ಎಂತ ಬೇಕು ಅಂತ ಬರೀಬೇಕು," ಎಂದಳು ಪಂಕಜಾಕ್ಷಿ.

"ಆ ಮಾಸ್ತರನ ನೌಕರಿ ಹೋಗಬೇಕು, ಅಷ್ಟ," ಎಂದ ಸಿದ್ರಾಮಪ್ಪ.

ಶಿವಗಂಗವ್ವ ನೋಟ್‌ಬುಕ್ಕಿನ ಬಿಳಿ ಹಾಳೆ ಸವರುತ್ತ ಕೂತಿದ್ದಳು. "ನೌಕರಿ ಹೋದ್ರ ಈ ಹಾಳಿ ತುಂಬತಾವೇನು? ಬರಿ ತಂಗಿ. ನನ್ನ ಮಗಳು ವರ್ಗದ ಒಳಗ ಕುಂದ್ರಬೇಕು. ಹ್ವಾದ ಲೆಕ್ಕಾ ತಿರುಗಿ ಕಲಸಬೇಕು. ಆ ಹೆಸರಿಲೆ ಇನ್ನ ಯಾವ ಕೂಸಿನ್ನೂ ಕರೀಬಾರ್ದು."

"ಎಂಟ ದಿನಾ ನೋಡ್ತೀನಿ," ಎಂದ ಸಿದ್ರಾಮಪ್ಪ. "ಒಂಬತ್ತನೇ ದಿನಾ ದಾಖಲಾ ತರ್ತೀನಿ. ನನ್ನ ಮಗಳು ಗ್ವಾಡಿ ನೋಡ್ಕೋತ ನಿಂದರೋದು ಬ್ಯಾಡ."

ಶುಕ್ರವಾರ ತಾಯಿ ಮಗಳು ಮುಖ್ಯ ಶಿಕ್ಷಕಿ ಶೈಲಾ ಬಾಯಿಯವರ ಕೋಣೆಗೆ ಹೋದರು. ಶೈಲಾ ಬಾಯಿ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕಾಗದ ಓದಿದರು. ಓದಿ ಮೇಜಿನ ಅಂಚಿಗೆ ಸರಿಸಿದರು. ಬರವಣಿಗೆ ಯಾಕೆ ತಾಯಿ, ಮಂದಾರ ಸರ್ ಒಳ್ಳೆಯ ಗಣಿತ ಶಿಕ್ಷಕರು, ನಾನೇ ಕರೆದು ಎರಡು ಮಾತು ಹೇಳುತ್ತೇನೆ, ಶಾಲೆಯ ಹೆಸರಿನ ಪ್ರಶ್ನೆ ಎಂದರು.

ಒಳ್ಳೆಯವರು ಹೀಗೆ ಸಮಾಧಾನ ಹೇಳಿ ಕಳಿಸಿದ ದೂರುಗಳು ಎಷ್ಟಿವೆಯೋ! ಬಾಯಿಮಾತಿನಲ್ಲಿ ಹುಟ್ಟಿದ್ದು ಬಾಯಿಮಾತಿನಲ್ಲೇ ಸಾಯುತ್ತದೆ. ಶಾಲೆಯ ಹೆಸರು ಉಳಿಯುತ್ತದೆ, ಮಗುವಿನ ಹೆಸರು ಯಂಡುಗುಂಡು ಆಗುತ್ತದೆ.

ಶಿವಗಂಗವ್ವ ಕಾಗದವನ್ನು ಮತ್ತೆ ಮೇಜಿನ ನಡುವಿಗೆ ಸರಿಸಿದಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಮರಾಠಿ ಮಾತನ್ನು ಹೇಳಿದಳು. "ಪೋಚ್ ದ್ಯಾ, ಬಾಯಿ."

ಶೈಲಾ ಬಾಯಿ ಆಕೆಯ ಮುಖ ನೋಡಿದರು, ನೀತಾಳ ಮುಖ ನೋಡಿದರು. ಆಮೇಲೆ ಡ್ರಾವರ್ ತೆರೆದು ಶಿಕ್ಕಾ ತೆಗೆದರು. ಟಪ್ ಎಂದು ಸದ್ದಾಯಿತು. ಬರುವ ಗುರುವಾರ ಸಮಿತಿ ಕೂಡುತ್ತದೆ ಎಂದು ಕೆಳಗೆ ಬರೆದು, ಅಲ್ಲಿಯವರೆಗೆ ಏಳನೆಯ ವರ್ಗದ ಗಣಿತವನ್ನು ಬೇರೆ ಶಿಕ್ಷಕಿಗೆ ವಹಿಸಿದರು. ಇದು ಮಂದಾರ ಸರ್‌ಗೆ ಕೊಟ್ಟ ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗೆ ಯಾರ ಮೇಲೂ ಯಾರ ಒತ್ತಡವೂ ಬೀಳಬಾರದೆಂದು ಹೀಗೆ ಎಂದು ಬಿಡಿಸಿ ಹೇಳಿದರು.

ಗುರುವಾರ ಸಿದ್ರಾಮಪ್ಪನಿಗೂ ಸೂಟಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ, ಜಗಳಕ್ಕೆ ಸಿದ್ಧನಾಗಿ. ಜಗಳ ಸಿಗಲಿಲ್ಲ. ಒಳಗೆ ಸಮಿತಿ ಕೂಡಿದಾಗ ಮೊದಲ ಮಾತು ಪಂಕಜಾಕ್ಷಿಯದೇ. "ನಾನು ಇವರ ನೆರೆಮನೆ. ಅರ್ಜಿ ಬರೆಯುವಾಗ ಜೊತೆಗೆ ಕೂತಿದ್ದೆ. ಈ ವಿಚಾರದಲ್ಲಿ ನಾನು ಕೂತ್ರೆ ಸರ್‌ಗೆ ಅನ್ಯಾಯ ಆದೀತು." ಹಾಗೆ ಬರೆಸಿ ಎದ್ದು ಹೊರಗೆ ಬಂದು ಸಿದ್ರಾಮಪ್ಪನ ಪಕ್ಕ ಕೂತಳು.

"ಅಲ್ರಿ, ನಮ್ಮವರು ಒಬ್ಬರಿದ್ರಿ ಒಳಗ, ನೀವೂ ಹೊರಗ ಬಂದ್ರಿ?" ಅವನು ಕಂಗಾಲಾಗಿದ್ದ.

"ನಮ್ಮವರು ಕೂತು ಕೊಟ್ಟ ನ್ಯಾಯಕ್ಕೆ ನಾಳೆ ಬೆಲೆ ಇಲ್ಲ, ಅಣ್ಣ."

ನೀತಾಳನ್ನು ಒಬ್ಬಳನ್ನೇ ಬೇರೆ ಕೋಣೆಗೆ ಕರೆದರು. ಸರ್ ಎದುರಿಗಿರಲಿಲ್ಲ. ಮಕ್ಕಳ ಜೊತೆ ಮಾತಾಡಲು ತರಬೇತಿ ಪಡೆದ ಆಪ್ತಸಮಾಲೋಚಕಿ ಚಿತ್ರಾ ಮೇಜು ಬಿಟ್ಟು ಅವಳ ಪಕ್ಕದ ಬೆಂಚಿನಲ್ಲಿ ಕೂತರು. ಕಿಟಕಿಯ ಗಾಜಿನಾಚೆ ಶಿವಗಂಗವ್ವ ಮಗಳಿಗೆ ಕಾಣುವಂತೆ ನಿಂತಿದ್ದಳು. ಚಿತ್ರಾ ಕೇಳಿದ ಮೊದಲ ಪ್ರಶ್ನೆ: ನಿನಗೆ ಯಾವ ಭಾಷೆ ಸಲೀಸು? ಕನ್ನಡವಾದರೆ ತಿಳಿದವರನ್ನು ಕರೆಸುತ್ತೇನೆ.

ಹುಡುಗಿ ಯೋಚಿಸಿ ಹೇಳಿದಳು: "ಮರಾಠೀತ್ ಸಾಂಗತೇ." ಮರಾಠಿಯಲ್ಲೇ ಹೇಳಿದಳು, ಒಂದು ಮಾತೂ ತಡವರಿಸದೆ. ಕನ್ನಡದಲ್ಲಿ ಎಣಿಸುವವಳಿಗೆ ಮರಾಠಿ ಬರುವುದಿಲ್ಲವೆಂದು ತಿಳಿದಿದ್ದವರು ಯಾರೋ!

ಆಮೇಲೆ ತರಗತಿಯ ಮೂವರು ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳಿದರು. ಅವರಲ್ಲಿ ಸ್ವಪ್ನಿಲ್ ಎಂಬ ಹುಡುಗ ಎಲ್ಲವನ್ನೂ ನಿಜವೆಂದು ಹೇಳಿ, ತಲೆ ತಗ್ಗಿಸಿ, ಯಾರೂ ಕೇಳದ ಒಂದು ಮಾತು ಸೇರಿಸಿದ: "ಆಮ್ಹೀ ಪಣ ಹಸಲೋ." ನಾವೂ ನಕ್ಕೆವು.

ಕೊನೆಗೆ ಮಂದಾರ ಸರ್. ಅರ್ಜಿಯ ನಕಲು ಅವರಿಗೆ ಮೊದಲೇ ತಲುಪಿತ್ತು; ಲಿಖಿತ ಉತ್ತರ ತಂದಿದ್ದರು. ನಾನು ಕೈ ಎತ್ತಿಲ್ಲ. ಅರವತ್ತು ಮಕ್ಕಳ ಕೋಣೆ, ಒಂದು ಗೊಣಗಾಟದಿಂದ ಎಲ್ಲರ ಗಮನ ಹೋಗುತ್ತದೆ. ಹೆಸರಿಟ್ಟದ್ದು ತಮಾಷೆಗೆ. ಇಷ್ಟು ಅದರಲ್ಲಿತ್ತು. ಸಮಿತಿ ಅದನ್ನು ಪೂರ್ತಿ ಕೇಳಿತು, ನಡುವೆ ಬಾಯಿ ಹಾಕಲಿಲ್ಲ. ಶಿವಗಂಗವ್ವನನ್ನೂ ಸಿದ್ರಾಮಪ್ಪನನ್ನೂ ಒಳಗೆ ಕರೆದು ಕೂಡಿಸಿದರು.

ಅಧ್ಯಕ್ಷ ಜೈಭೀಮ, ಕಂಡಕ್ಟರ್ ಖಾಕಿಯಲ್ಲೇ ಬಂದಿದ್ದವನು, ನೀತಾಳ ನೋಟ್‌ಬುಕ್ಕನ್ನು ಸರ್ ಕಡೆಗೆ ಸರಿಸಿದ. "ಈ ಹನ್ನೊಂದು ದಿನ ಏನು ಕಲಿಸಿದಿರಿ, ಸರ್?"

"ಭಿನ್ನರಾಶಿ. ಇಡೀ ಪಾಠ."

"ಈ ಹುಡುಗಿಗೆ?"

ಮಂದಾರ ಸರ್ ಹಾಳೆ ತಿರುವಿದರು. ಒಂದು ತಾರೀಖು, ಬಿಳಿ. ಇನ್ನೊಂದು ತಾರೀಖು, ಬಿಳಿ. ಫ್ಯಾನಿನ ಗಾಳಿಗೆ ಹಾಳೆ ಹಿಂದಕ್ಕೆ ಮಗುಚಿಕೊಳ್ಳುತ್ತಿತ್ತು. ಅವರು ಅಂಗೈಯಿಂದ ಒತ್ತಿ ಹಿಡಿದು ಕೊನೆಯವರೆಗೂ ನೋಡಿದರು. ನೋಟ್‌ಬುಕ್ಕು ಮುಚ್ಚಿ ಮರಾಠಿಯಲ್ಲಿ ಹೇಳಿದರು: "ನಾನು ಎಣಿಸಿರಲಿಲ್ಲ."

ಗಣಿತದ ಮಾಸ್ತರರು ಹೇಳಿದ ಮಾತು ಅದು. ಶಿವಗಂಗವ್ವನಿಗೆ ಅವರ ಮೇಲೆ ಕನಿಕರ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಂತೂ ಎಣಿಸಿದರಲ್ಲ ಎನಿಸಿತು.

ತೀರ್ಮಾನವನ್ನು ಬರೆದು, ಓದಿ ಹೇಳಿ, ನಕಲು ಕೊಟ್ಟರು. ಹೊರಗೆ ನಿಲ್ಲಿಸಿದ್ದೂ ಹೆಸರಿಟ್ಟದ್ದೂ ಮಾನಸಿಕ ಹಿಂಸೆ ಹೌದು. ಸರ್‌ಗೆ ಲಿಖಿತ ಎಚ್ಚರಿಕೆ, ಅದು ಅವರ ಸೇವಾ ಪುಸ್ತಕದಲ್ಲಿ ದಾಖಲಾಗಬೇಕೆಂದು ಸಂಸ್ಥೆಗೆ ಶಿಫಾರಸು. ಯಾವ ತರಗತಿಯ ಎದುರು ಹೆಸರಿಟ್ಟರೋ ಅದೇ ತರಗತಿಯ ಎದುರು ಅವರು ತಪ್ಪು ಒಪ್ಪಿಕೊಳ್ಳಬೇಕು. ಹೋದ ಪಾಠವನ್ನು ಬೇರೆ ಶಿಕ್ಷಕಿ ನೀತಾಳಿಗೆ ಕಲಿಸಬೇಕು. ಮೂರು ತಿಂಗಳವರೆಗೆ ಚಿತ್ರಾ ತಿಂಗಳಿಗೊಮ್ಮೆ ಬಂದು ಅವಳನ್ನು ಮಾತಾಡಿಸಬೇಕು. ದೂರು ಕೊಟ್ಟದ್ದಕ್ಕೆ ಹುಡುಗಿಗೆ ಯಾವ ತೊಂದರೆಯಾದರೂ ಅದು ಬೇರೆಯೇ ಅಪರಾಧ.

"ಇಷ್ಟೇನ?" ಎಂದ ಸಿದ್ರಾಮಪ್ಪ, ಹರುಕು ಮರಾಠಿಯಲ್ಲಿ.

ಜೈಭೀಮ ಶಾಂತವಾಗಿಯೇ ಹೇಳಿದ: "ಇದು ಸಾಲದು ಅನಿಸಿದರೆ ಈ ನಕಲನ್ನೇ ಹಿಡಿದು ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗು, ದಾದಾ. ಮಕ್ಕಳ ಹಕ್ಕಿನ ಆಯೋಗಕ್ಕೆ ಬರೆ. ನಮ್ಮ ಮೇಲೂ ದೂರು ಕೊಡು. ನಾವು ಕೊನೆಯ ಸ್ಟಾಪಲ್ಲ."

ಸಿದ್ರಾಮಪ್ಪ ಹೆಂಡತಿಯ ಕಡೆ ನೋಡಿದ. ಆಕೆ ನಕಲನ್ನು ನಾಲ್ಕು ಮಡಿಕೆ ಮಾಡಿ ಪೋಚ್ ಇದ್ದ ಚೀಲದಲ್ಲಿ ಇಟ್ಟಳು. "ಹುಡಿಗಿ ಏನಂತಾಳ ನೋಡೂಣು. ಆಕೀದು ಲೆಕ್ಕಾ."

ಎಂಟು ದಿನದ ಗಡುವು ಮುಗಿಯಿತು. ಒಂಬತ್ತನೆಯ ದಿನ ಯಾರೂ ದಾಖಲಾ ತರಲು ಹೋಗಲಿಲ್ಲ. ಸೋಮವಾರ ಸಂಜೆ ನೀತಾ ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಹೇಳಿದಳು: "ಸರ್ ಎಲ್ಲಾರ ಮುಂದ 'ನನ್ನ ತಪ್ಪು' ಅಂದ್ರವ್ವಾ. ಒಂದ ಸಲಾ ಅಂದ್ರು, ಸಣ್ಣಾಗಿ ಅಂದ್ರು. ಆದ್ರ ಹಿಂದಿನ ಬೆಂಚಿಗೂ ಕೇಳ್ತು."

ಮಂದಾರ ಸರ್ ಒಮ್ಮೆಲೇ ದೇವರಾಗಲಿಲ್ಲ. ಈಗಲೂ ಬಿಗಿ ಮುಖದವರೇ. ಆದರೆ ಕಾರಿಡಾರಿನ ಆ ಗೋಡೆಯ ಮುಂದೆ ಈಗ ಯಾರೂ ನಿಲ್ಲುವುದಿಲ್ಲ. ನೀತಾ ತುಟಿ ಅಲ್ಲಾಡಿಸುತ್ತ ಎಣಿಸುತ್ತಾಳೆ, ಲೆಕ್ಕ ಸರಿಬಂದರೆ ಸರ್ ಸುಮ್ಮನೆ ಒಂದು ಗೀಟು ಹಾಕಿ ಮುಂದೆ ಹೋಗುತ್ತಾರೆ. ಹೊಟ್ಟೆನೋವು ಆಮೇಲೆ ಒಂದೇ ಒಂದು ಶುಕ್ರವಾರ ಬಂತು. ಅದು ಕಾಯಿ ಪೇರಲ ತಿಂದದ್ದಕ್ಕೆ.

ಒಂದು ದಿನ ಊಟಕ್ಕೆ ಕೂತಾಗ ಅವಳು ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಒಂದನ್ನು ಅಪ್ಪನ ತಾಟಿಗೆ ಹಾಕಿದಳು. "ಈಗ ನನ್ನ ತಾಟಿನ್ಯಾಗ ಎಷ್ಟ ಉಳೀತು ಹೇಳವ್ವಾ? ನಾಕರಾಗ ಮೂರು!"

"ಮೊದಲ ತಿನ್ನು, ಆರ್ತದ," ಎಂದು ಶಿವಗಂಗವ್ವ ತಿರುಗಿ ಒಲೆಯ ಕಡೆ ಮುಖ ಮಾಡಿದಳು. ಗೋಡೆಗೆ ತೂಗುಹಾಕಿದ ಚೀಲದಲ್ಲಿ ಆ ನೋಟ್‌ಬುಕ್ಕಿತ್ತು. ಹನ್ನೊಂದು ತಾರೀಖಿನ ಕೆಳಗೂ ಈಗ ಲೆಕ್ಕವಿತ್ತು.

ಸಿದ್ರಾಮಪ್ಪ? ಅವನು ಮರುದಿನ ಚಾಕಣದಲ್ಲಿ, ಹತ್ತು ಜನ ಗೆಳೆಯರನ್ನು ಜೊತೆಗೆ ಕರೆದುಕೊಂಡು, ಮ್ಯಾನೇಜರನ ಎದುರು ನಿಂತು ಒಂದು ಕಾಗದ ಕೊಟ್ಟ. ಅದರಲ್ಲಿ ಒಂದೇ ಬೇಡಿಕೆ: ದೂರಿನ ಪೆಟ್ಟಿಗೆಗೆ ಎರಡನೆಯ ಬೀಗ. ಕೊಟ್ಟು, ಕದಲದೆ ನಿಂತ. "ಪೋಚ್ ದ್ಯಾ, ಸಾಹೇಬ್."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂಘದ ಸಭೆಯಲ್ಲಿ ಕೂತು ಕೇಳುತ್ತಿರುವವರೇ, ಶಿಕ್ಷಕರು ನಮ್ಮ ಶತ್ರುಗಳಲ್ಲ. ಆದರೆ ಮಗುವಿನ ಮಾನಕ್ಕಿಂತ ದೊಡ್ಡ ಕುರ್ಚಿ ಯಾವ ಶಾಲೆಯಲ್ಲೂ ಇಲ್ಲ. ಆದದ್ದನ್ನು ಆದಷ್ಟೇ ಬರೆಯಿರಿ. ಉಪ್ಪು ಖಾರ ಬೇಡ. ತಾರೀಖು ಹಾಕಿರಿ, ಪೋಚ್ ಕೇಳಿರಿ, ಕೊಡುವವರೆಗೆ ಕುರ್ಚಿ ಬಿಟ್ಟೇಳಬೇಡಿರಿ. ಮಗುವನ್ನು ಬೇರೆಯಾಗಿ ಕೇಳಲಿ, ಶಿಕ್ಷಕರನ್ನೂ ಕೇಳಲಿ, ತೀರ್ಮಾನ ಕಾಗದದ ಮೇಲೆ ಬರಲಿ. ನಿಮ್ಮ ಶಾಲೆಯ ದೂರಿನ ಪೆಟ್ಟಿಗೆಯ ಕೀಲಿ ಯಾರ ಕಿಸೆಯಲ್ಲಿದೆ ಎಂದು ನಾಳೆಯೇ ಹೋಗಿ ವಿಚಾರಿಸಿರಿ.

ಅದಕ್ಕೂ ಮೊದಲು, ಇವತ್ತು, ಈಗಲೇ, ನಿಮ್ಮ ಮಗುವಿನ ಚೀಲದಿಂದ ಒಂದು ನೋಟ್‌ಬುಕ್ಕು ತೆಗೆಯಿರಿ. ತಾರೀಖಿನ ಕೆಳಗೆ ಏನಿದೆ ನೋಡಿರಿ. ಏನೂ ಇಲ್ಲದಿದ್ದರೆ ಬೈಯಬೇಡಿರಿ. ಪಕ್ಕದಲ್ಲಿ ಕೂಡಿಸಿಕೊಂಡು, ಶಿವಗಂಗವ್ವನನ್ನು ಒಂದು ಕಾಲಕ್ಕೆ ಯಾರೂ ಕೇಳದೆ ಬಿಟ್ಟ ಆ ಒಂದು ಮಾತು ಕೇಳಿರಿ: ಯಾಕ, ಕೂಸೇ?